ಹ್ಯಾಡ್ಲಿಯ ಹೊಲದಲ್ಲಿ ಕೊಯ್ಲು ಮತ್ತು ಪಾಲು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಕನೆಕ್ಟಿಕಟ್ ನದಿಯ ದಂಡೆಗೆ ಅಂಟಿಕೊಂಡಿರುವ ಹ್ಯಾಡ್ಲಿ ಎಂಬ ಊರಿನ ಒಂದು ಹೊಲಕ್ಕೆ 2024ರ ಸೆಪ್ಟೆಂಬರ್ ಆರಂಭದಿಂದ ನವೆಂಬರ್ ಕೊನೆಯವರೆಗೆ ನಾನು ವಾರಕ್ಕೊಂದು ಬೆಳಗಿನ ಹೊತ್ತು ಕೊಯ್ಲಿನ ಕೆಲಸಕ್ಕೆ ಹೋಗುತ್ತಿದ್ದೆ. ಕೂಲಿ ಹಣದ ರೂಪದಲ್ಲಿರಲಿಲ್ಲ. ಆ ಹೊಲದ ಬೆಳೆಯಲ್ಲಿ ಒಂದು ಪಾಲೇ ನನ್ನ ಕೂಲಿ. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಇಂಥದ್ದಕ್ಕೆ ಇಳಿಯುವಂತಿರಲಿಲ್ಲ, ಏಕೆಂದರೆ ದುಡಿದು ಪಡೆದ ತರಕಾರಿಯೂ ಇಲ್ಲಿನ ಕಾನೂನಿನ ಲೆಕ್ಕದಲ್ಲಿ ಸಂಬಳವೇ. ಅದಕ್ಕೂ ಮುಂಚಿನ ಕೆಲವು ವರ್ಷ ನಾವು ಅದೇ ಹೊಲಕ್ಕೆ ಹಣ ಕಟ್ಟಿ ಪಾಲು ಪಡೆಯುವವರಾಗಿದ್ದೆವು.

ಈ ವ್ಯವಸ್ಥೆಯನ್ನು ಇಲ್ಲಿ ಸಿಎಸ್‌ಎ ಎನ್ನುತ್ತಾರೆ, ಅಂದರೆ ಸಮುದಾಯದ ಬೆಂಬಲದಿಂದ ನಡೆಯುವ ಕೃಷಿ. ನೆಲ ಇನ್ನೂ ಹಿಮದಡಿ ಇರುವಾಗಲೇ ಸುತ್ತಲಿನ ಮನೆಗಳವರು ಇಡೀ ಹಂಗಾಮಿನ ಹಣವನ್ನು ರೈತರಿಗೆ ಮುಂಗಡವಾಗಿ ಕಟ್ಟುತ್ತಾರೆ. ಆ ಹಣದಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ರಿಪೇರಿ ಎಲ್ಲವೂ ನಡೆಯುತ್ತವೆ. ಜೂನ್‌ನಿಂದ ವಾರಕ್ಕೊಮ್ಮೆ ಬೆಳೆದದ್ದರಲ್ಲಿ ಪಾಲು ಸಿಗುತ್ತದೆ. ಬೆಳೆ ಚೆನ್ನಾಗಿ ಬಂದರೆ ಚೀಲ ಭಾರ, ಕೈಕೊಟ್ಟರೆ ಹಗುರ. ಎರಡಕ್ಕೂ ದರ ಒಂದೇ. ಅಮೆರಿಕದಲ್ಲಿ ಈ ಪದ್ಧತಿ 1986ರಲ್ಲಿ ಎರಡು ಕಡೆ ಶುರುವಾಯಿತು: ಇದೇ ರಾಜ್ಯದ ನೈಋತ್ಯ ಮೂಲೆಯ ಸೌತ್ ಈಗ್ರೆಮಾಂಟ್‌ನಲ್ಲಿ ರಾಬಿನ್ ವ್ಯಾನ್ ಎನ್ ಎಂಬ ಮಹಿಳೆಯ ಇಂಡಿಯನ್ ಲೈನ್ ಫಾರ್ಮ್‌ನಲ್ಲಿ ಮತ್ತು ಪಕ್ಕದ ನ್ಯೂ ಹ್ಯಾಂಪ್‌ಷೈರ್‌ನ ಟೆಂಪಲ್-ವಿಲ್ಟನ್ ಸಮುದಾಯ ಹೊಲದಲ್ಲಿ. ಎರಡರ ಹಿಂದೆಯೂ ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಇಂಥ ಪ್ರಯೋಗಗಳನ್ನು ಕಂಡುಬಂದವರಿದ್ದರು.

ನಾನು ಹೋಗುತ್ತಿದ್ದ ಹೊಲದ ಯಜಮಾನರು ಪೋಲೆಂಡ್ ಮೂಲದವರು. ಹ್ಯಾಡ್ಲಿಯಲ್ಲಿ ಅಂಥ ಒಕ್ಕಲು ಮನೆತನಗಳು ಹಲವಿವೆ. ಗಂಡ, ಹೆಂಡತಿ, ಕಾಲೇಜು ಮುಗಿಸಿ ಹೊಲಕ್ಕೇ ಮರಳಿದ ಮಗಳು, ಇವರ ಜೊತೆಗೆ ಹಂಗಾಮಿನ ಕೃಷಿ ಕೆಲಸಕ್ಕೆಂದು ಕೊಡುವ ಎಚ್-2ಎ ವೀಸಾದ ಮೇಲೆ ಪ್ರತಿ ವರ್ಷ ಜಮೈಕಾದಿಂದ ಬರುವ ಇಬ್ಬರು ಕೆಲಸಗಾರರು. ನಿಜವಾದ ಕೊಯ್ಲು ಮಾಡುವವರು ಆ ಇಬ್ಬರೇ. ನಮ್ಮಂಥ ಪಾಲಿಗಾಗಿ ದುಡಿಯುವವರು ಐದಾರು ಮಂದಿ ಸೇರಿ ಒಂದು ಸಾಲು ಮುಗಿಸುವಷ್ಟರಲ್ಲಿ ಅವರು ಮೂರನೆಯ ಸಾಲಿನಲ್ಲಿರುತ್ತಿದ್ದರು. ಕೂಲಿ ಉಳಿತಾಯವೇ ಗುರಿಯಾಗಿದ್ದರೆ ನಮ್ಮನ್ನು ಕರೆಯುವ ಅಗತ್ಯ ಆ ಕುಟುಂಬಕ್ಕೆ ಇರಲಿಲ್ಲ ಎಂದೇ ನನ್ನ ಅನಿಸಿಕೆ. ಪಾಲುದಾರರಲ್ಲಿ ಕೆಲವರಾದರೂ ಹೊಲವನ್ನು ಒಳಗಿನಿಂದ ಕಂಡಿದ್ದರೆ, ಪಾಲು ಕಡಿಮೆಯಾದ ವಾರ ಉಳಿದವರಿಗೆ ಅವರೇ ಸಮಾಧಾನ ಹೇಳುತ್ತಾರೆ ಎಂಬುದು ಯಜಮಾನಿಯವರ ಲೆಕ್ಕ. ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ.

ಮೊದಲ ವಾರಗಳ ಕೆಲಸ ಹೊಲದಲ್ಲಿರದೆ ಒಂದು ಹಳೆಯ ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿತ್ತು. ಈ ಕಣಿವೆಯಲ್ಲಿ ಸಿಗಾರಿನ ಹೊರಸುತ್ತಿಗೆ ಬೇಕಾದ ಹೊಗೆಸೊಪ್ಪನ್ನು ಬಹುಕಾಲದಿಂದ ಬೆಳೆಯುತ್ತ ಬಂದಿದ್ದಾರೆ. ಬೆಳೆ ಕಡಿಮೆಯಾದ ಮೇಲೂ ಉದ್ದುದ್ದನೆಯ ಮರದ ಕೊಟ್ಟಿಗೆಗಳು ರಸ್ತೆಯ ಎರಡೂ ಬದಿ ನಿಂತಿವೆ. ನಾನು ಹುಣಸೂರಿನ ಕಡೆಯವಳಾದ್ದರಿಂದ ಹೊಗೆಸೊಪ್ಪು ಹದಮಾಡುವ ಬ್ಯಾರನ್ ನನಗೆ ಹೊಸದಲ್ಲ. ಆದರೆ ನಮ್ಮಲ್ಲಿ ಸೌದೆ ಉರಿಸಿ, ಕೊಳವೆಯ ಬಿಸಿಯಲ್ಲಿ ಸೊಪ್ಪನ್ನು ಬೇಯಿಸುತ್ತಾರೆ, ಬೇಯಿಸುವ ರಾತ್ರಿಗಳಲ್ಲಿ ಮನೆಯವರು ಸರದಿಯ ಮೇಲೆ ಎಚ್ಚರವಿರುತ್ತಾರೆ. ಇಲ್ಲಿನ ಕೊಟ್ಟಿಗೆಯ ಗೋಡೆಗಳಲ್ಲಿ ಹಲಗೆಗಳಿಗೆ ಕೀಲು ಹಾಕಿ, ಬೇಕೆಂದಾಗ ತೆರೆದು ಗಾಳಿಯಲ್ಲೇ ಒಣಗಿಸುತ್ತಾರೆ. ಆ ಗಾಳಿ ಈರುಳ್ಳಿ, ಬೆಳ್ಳುಳ್ಳಿಗೂ ಹೇಳಿ ಮಾಡಿಸಿದ್ದು. ಜುಲೈನಲ್ಲಿ ಕಿತ್ತು ಕಟ್ಟು ಕಟ್ಟಿ ತೂಗುಹಾಕಿದ್ದ ಬೆಳ್ಳುಳ್ಳಿಯನ್ನು ಇಳಿಸಿ, ಕಾಂಡ ಕತ್ತರಿಸಿ, ಬೇರು ಸವರಿ ಮೂರು ಪಾಲು ಮಾಡಿದೆವು: ದಪ್ಪ ಗಡ್ಡೆ ಬಿತ್ತನೆಗೆ, ನಡುಗಾತ್ರದ್ದು ಪಾಲುದಾರರಿಗೆ, ಎಸಳು ಬಿಚ್ಚಿಕೊಂಡದ್ದು ಮನೆಯ ಅಡುಗೆಗೆ. ಒಳ್ಳೆಯದೆಲ್ಲ ಬಿತ್ತನೆಗೇ ಹೋಗುವುದನ್ನು ಕಂಡು ಜೊತೆಯವರೊಬ್ಬರು ಬೇಸರಪಟ್ಟರು. ರಾಗಿ, ಜೋಳದ ಒಳ್ಳೆಯ ತೆನೆಯನ್ನು ಬೀಜಕ್ಕೆಂದು ಎತ್ತಿಡುವುದನ್ನು ನೋಡಿ ಬೆಳೆದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸೆಪ್ಟೆಂಬರ್ ಎರಡನೆಯ ಭಾಗದಲ್ಲಿ ಚಳಿಗಾಲದ ಕುಂಬಳಗಳ ಸರದಿ. ನಮ್ಮ ಸಿಹಿಗುಂಬಳದ ಬಂಧುಗಳಾದ ಇವುಗಳಲ್ಲಿ ಬಟರ್‌ನಟ್, ಏಕಾರ್ನ್, ಡೆಲಿಕಾಟಾ, ಕಬೋಚಾ ಎಂದು ನಾಲ್ಕು ಬಗೆಯನ್ನು ಹಾಕಿದ್ದರು. ಬಟರ್‌ನಟ್ ಬಲಿತಿದೆಯೇ ಎಂದು ತಿಳಿಯಲು ತೊಟ್ಟಿನ ಬಳಿಯ ಹಸಿರು ಗೀರು ಮಾಯವಾಗಿ ಮೈಯೆಲ್ಲ ತಿಳಿಗಂದು ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುತ್ತಾರೆ. ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು. ಕಾಯನ್ನು ಬಳ್ಳಿಯಿಂದ ಎಳೆಯುವಂತಿಲ್ಲ, ಕತ್ತರಿಯಿಂದ ತೊಟ್ಟು ಉಳಿಯುವಂತೆ ಕತ್ತರಿಸಬೇಕು, ತೊಟ್ಟು ಹಿಡಿದು ಎತ್ತಲೂಬಾರದು; ತೊಟ್ಟು ಮುರಿದ ಜಾಗವೇ ಕೊಳೆಯುವ ರೋಗ ಒಳಹೋಗುವ ಬಾಗಿಲು. ಮುಂದೆ ಹೋಗುವವರು ಕತ್ತರಿಸಿ ಎರಡು ಸಾಲಿನ ಕಾಯಿಗಳನ್ನು ಒಂದೇ ಸಾಲಾಗಿ ಇಡುತ್ತ ಹೋಗುತ್ತಾರೆ. ಹಿಂದೆ ನಿಧಾನವಾಗಿ ಬರುವ ಟ್ರ್ಯಾಕ್ಟರಿನ ಗಾಡಿಯ ಮೇಲೆ ಇಬ್ಬರು ನಿಂತಿರುತ್ತಾರೆ. ಕೆಳಗಿನವರು ಒಂದೊಂದನ್ನೇ ಎಸೆಯುವುದು, ಮೇಲಿನವರು ಹಿಡಿದು ಮರದ ಪೆಟ್ಟಿಗೆಗೆ ಇಳಿಸುವುದು. ಮನೆ ಕಟ್ಟುವಲ್ಲಿ ಇಟ್ಟಿಗೆ ದಾಟಿಸುವವರ ಕೈಯಂತೆ ಇದಕ್ಕೂ ಒಂದು ಲಯ ಬರಬೇಕು, ಬಂದ ಮೇಲೆ ಮಾತು ತಾನಾಗಿ ನಿಲ್ಲುತ್ತದೆ. ಬಿದ್ದು ಗಾಯವಾದ ಕಾಯಿಗಳಿಗೆ ಬೇರೆ ಪೆಟ್ಟಿಗೆ. ಅವು ಆ ವಾರವೇ ಖರ್ಚಾಗಬೇಕು.

ಪೆಟ್ಟಿಗೆಗಳು ನೇರವಾಗಿ ಉಗ್ರಾಣಕ್ಕೆ ಹೋಗುವುದಿಲ್ಲ. ಬಟರ್‌ನಟ್ ಮತ್ತು ಕಬೋಚಾಗಳನ್ನು ಖಾಲಿಯಾಗಿದ್ದ ಹಸಿರುಮನೆಯಲ್ಲಿ ಹರಡಿ, ಸುಮಾರು 27 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಒಂದೂವರೆ ವಾರ ಹದಮಾಡುತ್ತಾರೆ: ಗೀರುಗಳು ಒಣಗಿ ಮುಚ್ಚಿಕೊಳ್ಳುತ್ತವೆ, ಸಿಪ್ಪೆ ಗಟ್ಟಿಯಾಗುತ್ತದೆ. ಬಳಿಕ 10ರಿಂದ 13 ಡಿಗ್ರಿಯ ಒಣ ಕೋಣೆಯಲ್ಲಿಟ್ಟರೆ ಬಟರ್‌ನಟ್ ಫೆಬ್ರವರಿಯವರೆಗೂ ಇರುತ್ತದೆ, ಇಟ್ಟಷ್ಟೂ ಒಳಗಿನ ಪಿಷ್ಟ ಸಕ್ಕರೆಯಾಗಿ ರುಚಿ ಏರುತ್ತದೆ. 10 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಚಳಿಯೇ ಅದನ್ನು ಹಾಳುಮಾಡುತ್ತದೆ, ಹಾಗಾಗಿ ಫ್ರಿಜ್ಜಿನಲ್ಲಿಡಬೇಡಿ ಎಂದು ಪಾಲುದಾರರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಏಕಾರ್ನ್, ಡೆಲಿಕಾಟಾಗಳ ಸಿಪ್ಪೆ ತೆಳು; ಅವುಗಳಿಗೆ ಈ ಉಪಚಾರ ಬೇಡ, ಬಾಳಿಕೆಯೂ ಕಡಿಮೆ. ಆದ್ದರಿಂದ ಅಕ್ಟೋಬರ್‌ನಲ್ಲಿ ಅವೇ ಮೊದಲು ಹಂಚಿಹೋಗುತ್ತವೆ. ಈ ಕೆಲಸದ ಒಳಹುರುಳು ನನಗೆ ಕಂಡದ್ದು ಇಲ್ಲಿ. ಕೀಳುವುದು, ಕತ್ತರಿಸುವುದು ಶರತ್ಕಾಲದ ಕೊಯ್ಲಿನ ಚಿಕ್ಕ ಭಾಗ. ಯಾವುದು ಎಷ್ಟು ದಿನ ತಡೆಯುತ್ತದೆ ಎಂದು ತಿಳಿದು, ಅದರ ಮೇಲೆ ಯಾರಿಗೆ ಯಾವಾಗ ಎಷ್ಟು ಎಂದು ನಿರ್ಧರಿಸುವುದು ದೊಡ್ಡ ಭಾಗ. ಮಾರುಕಟ್ಟೆಗೆ ಬೆಳೆಯುವ ರೈತರಿಗೆ ಲಾರಿ ಹೊರಟ ಮೇಲೆ ಆ ಚಿಂತೆ ಮುಗಿಯುತ್ತದೆ. ಪಾಲಿಗೆ ಬೆಳೆಯುವವರಿಗೆ ಅಲ್ಲಿಂದಲೇ ಶುರು.

ಗೆಣಸಿನ ಕೆಲಸ ಕುಂಬಳಕ್ಕಿಂತ ನಾಜೂಕು. ಜೂನ್‌ನಲ್ಲಿ ಕಪ್ಪು ಪ್ಲಾಸ್ಟಿಕ್ ಹಾಸಿದ ಮಡಿಯಲ್ಲಿ ನೆಟ್ಟ ಬಳ್ಳಿಯಿಂದ ನೆಲ ತಣ್ಣಗಾಗುವ ಮೊದಲೇ ಗೆಡ್ಡೆಯನ್ನು ಎತ್ತಬೇಕು, ಸಿಪ್ಪೆ ಬೆರಳು ತಾಗಿದರೆ ಸುಲಿಯುತ್ತದೆ. ಹಾಗಾಗಿ ಕೈಯಲ್ಲೇ ಕೆದಕಿ ತೆಗೆದು, 29 ಡಿಗ್ರಿಯ ತೇವದ ಬಿಸುಪಿನಲ್ಲಿ ಒಂದು ವಾರ ಇಡುತ್ತಾರೆ. ಅಲ್ಲಿಯವರೆಗೆ ಅದು ಸಪ್ಪೆ. ನಮ್ಮೂರಿನಲ್ಲಿ ಅಗೆದ ದಿನವೇ ಕೆಂಡದಲ್ಲಿ ಸುಟ್ಟು ತಿನ್ನುವ ಗೆಣಸು ಸಿಹಿಯಾಗಿರುತ್ತದಲ್ಲ ಎಂದು ಕೇಳಿದಾಗ ಯಜಮಾನರು ನಕ್ಕು, ನಿಮ್ಮೂರಿನ ಮಣ್ಣೇ ಹದವಾಗಿ ಬಿಸಿಯಿರುತ್ತದೆ, ನಮಗೆ ಅದನ್ನು ಗ್ಯಾಸ್ ಉರಿಸಿ ಕೊಳ್ಳಬೇಕು ಎಂದರು.

ಆ ವರ್ಷದ ಶರತ್ಕಾಲ ಅತಿಯಾಗಿ ಒಣಗಿತ್ತು. ಸೆಪ್ಟೆಂಬರ್‌ನಿಂದಾಚೆಗೆ ಮಳೆ ಹೆಸರಿಗಷ್ಟೇ. ರಾಜ್ಯದ ಬಹುಭಾಗ ಬರಪೀಡಿತವೆಂದು ಘೋಷಣೆಯಾಗಿ, ಅಕ್ಟೋಬರ್ ಕೊನೆಯ ಹೊತ್ತಿಗೆ ಕಾಡಿನ ತರಗೆಲೆಗಳಿಗೆ ಅಲ್ಲಲ್ಲಿ ಬೆಂಕಿ ಬೀಳುತ್ತಿತ್ತು. ಕುಂಬಳಕ್ಕೆ, ಈರುಳ್ಳಿಗೆ ಈ ಒಣ ಹವೆ ವರವಾಯಿತು, ಕೊಳೆತದ್ದು ಬಹಳ ಕಡಿಮೆ. ಕ್ಯಾರೆಟ್ಟಿಗೆ ಮಾತ್ರ ಶಾಪ. ನೆಲ ಗಟ್ಟಿಯಾಗಿ, ಟ್ರ್ಯಾಕ್ಟರಿನ ಅಲಗು ಗೆಡ್ಡೆಯ ಅಡಿಯಲ್ಲಿ ಹಾಯ್ದರೂ ಸೊಪ್ಪು ಹಿಡಿದು ಎಳೆದರೆ ಸೊಪ್ಪೇ ಕೈಗೆ ಬರುತ್ತಿತ್ತು. ಹಿಂದಿನ ದಿನ ನೀರು ಹಾಯಿಸಿ ಮರುದಿನ ಕೀಳುವುದು ಎಂದು ಕೆಲಸವನ್ನೇ ಬದಲಿಸಿಕೊಂಡರು.

ಮಳೆಮೋಡವಿಲ್ಲದ ಆಕಾಶವೆಂದರೆ ರಾತ್ರಿಯ ಚಳಿಗೆ ಮುಚ್ಚಳವಿಲ್ಲ ಎಂದರ್ಥ. ಗಾಳಿ ನಿಂತ, ತಿಳಿಯಾದ ರಾತ್ರಿಯಲ್ಲಿ ನೆಲದ ಬಿಸಿ ಮೇಲಕ್ಕೆ ಸೋರಿಹೋಗಿ, ಹವಾಮಾನ ವರದಿ 2 ಅಥವಾ 3 ಡಿಗ್ರಿ ಎಂದು ಹೇಳಿದರೂ ಎಲೆಯ ಮಟ್ಟದಲ್ಲಿ ಇಬ್ಬನಿ ಹೆಪ್ಪುಗಟ್ಟಬಹುದು. ತಗ್ಗಿನ ಹೊಲಕ್ಕೆ ತಂಪು ಗಾಳಿ ನೀರಿನ ಹಾಗೆಯೇ ಹರಿದು ಸೇರುತ್ತದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅಂಥ ಒಂದು ಸಂಜೆ ಪಾಲುದಾರರೆಲ್ಲರಿಗೂ ಮೆಸೇಜ್ ಬಂತು: ಬಂದವರು ಬೇಕಾದಷ್ಟು ಮೆಣಸಿನಕಾಯಿ, ಟೊಮೆಟೊ ಬಿಡಿಸಿಕೊಳ್ಳಿ, ನಾಳೆ ಇರುವುದಿಲ್ಲ. ಕಚೇರಿ ಮುಗಿಸಿ ಬಂದವರು, ಮಕ್ಕಳನ್ನು ಕರೆತಂದವರು, ಎಲ್ಲರೂ ಕತ್ತಲಾಗುವ ತನಕ ಬಿಡಿಸಿದರು. ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದ ಅವ್ವ ಹಸಿ ಟೊಮೆಟೊಗಳನ್ನೇ ಆರಿಸಿ ಚೀಲ ತುಂಬಿಕೊಂಡಳು, ಗೊಜ್ಜಿಗೆ. ನಾವು ಕೆಲಸದವರು ಆಗ ಲೆಟಿಸ್ ಮತ್ತು ಎಳೆ ಸೊಪ್ಪಿನ ಮಡಿಗಳ ಮೇಲೆ ತೆಳು ಬಿಳಿ ಬಟ್ಟೆ ಎಳೆದು ಅಂಚಿಗೆ ಮರಳಿನ ಚೀಲ ಹೇರುತ್ತಿದ್ದೆವು. ಆ ಬಟ್ಟೆ ಉಳಿಸುವುದು ಒಂದೆರಡು ಡಿಗ್ರಿ ಮಾತ್ರ, ಆದರೆ ಅಂಥ ರಾತ್ರಿಗೆ ಅಷ್ಟು ಸಾಕು. ಯಾವ ಮಡಿಗೆ ಹೊದಿಸಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಯಜಮಾನರ ಮಗಳು ಮಧ್ಯಾಹ್ನವೇ ಪಟ್ಟಿ ಮಾಡಿದ್ದಳು. ತುಳಸಿಯ ಜಾತಿಯ ಬೇಸಿಲ್ ಅವಳ ಹೊದಿಸುವ ಪಟ್ಟಿಯಲ್ಲಿ ಇರಲೇ ಇಲ್ಲ.

ಬೆಳಿಗ್ಗೆ ಮೆಣಸಿನ ಗಿಡಗಳು ಬಿಸಿನೀರು ಹುಯ್ದಂತೆ ಕಪ್ಪಾಗಿ ಜೋತುಬಿದ್ದಿದ್ದವು. ಕೇಲ್ ಸೊಪ್ಪು, ಎಲೆಕೋಸು, ಪಾರ್ಸ್ನಿಪ್, ಕ್ಯಾರೆಟ್ಟುಗಳಿಗೆ ಏನೂ ಆಗಿರಲಿಲ್ಲ. ಚಳಿಯನ್ನು ತಡೆಯಲು ಈ ಗಿಡಗಳು ತಮ್ಮೊಳಗೆ ಸಕ್ಕರೆಯನ್ನು ಕೂಡಿಸಿಕೊಳ್ಳುತ್ತವೆ, ಹಾಗಾಗಿ ಒಂದೆರಡು ಹೆಪ್ಪಿನ ರಾತ್ರಿ ಕಳೆದ ಮೇಲೆ ಕಿತ್ತ ಕ್ಯಾರೆಟ್ಟಿಗೂ ಅದಕ್ಕೆ ಮೊದಲು ಕಿತ್ತದ್ದಕ್ಕೂ ರುಚಿಯಲ್ಲಿ ಸ್ಪಷ್ಟ ವ್ಯತ್ಯಾಸವಿದೆ. ಅಂಗಡಿಯ ಕ್ಯಾರೆಟ್ಟಿನಲ್ಲಿ ಈ ಸಿಹಿ ನನಗೆ ಸಿಕ್ಕಿಲ್ಲ. ಅದಕ್ಕಾಗಿಯೇ ಪಾಲು ಕಟ್ಟುವವರು ಇದ್ದಾರೆ ಎಂದರೆ ನಂಬುತ್ತೇನೆ. ತೊಳೆಯುವ ಕೊಟ್ಟಿಗೆಯಲ್ಲಿ ಉದ್ದನೆಯ ಪೀಪಾಯಿಯೊಂದು ಓರೆಯಾಗಿ ತಿರುಗುತ್ತ, ಒಳಗೆ ನೀರು ಚಿಮ್ಮಿಸುತ್ತ ಬೇರುತರಕಾರಿಗಳ ಮಣ್ಣನ್ನು ಕಳೆಯುತ್ತದೆ. ಆ ವಾರ ಹಂಚುವುದಕ್ಕೆ ಬೇಕಾದಷ್ಟನ್ನು ಮಾತ್ರ ತೊಳೆದು, ಉಳಿದದ್ದನ್ನು ಮಣ್ಣಿನ ಸಮೇತ ಸೊನ್ನೆ ಡಿಗ್ರಿಯ ತೇವದ ಕೋಣೆಗೆ ಸೇರಿಸುತ್ತಾರೆ. ನವೆಂಬರ್‌ನಲ್ಲಿ ಆ ಕೊಟ್ಟಿಗೆಯ ಕೆಲಸ ಯಾರಿಗೂ ಬೇಡ. ರಬ್ಬರ್ ಕೈಗವಸಿನೊಳಗೂ ಬೆರಳು ಮರಗಟ್ಟುತ್ತವೆ.

ಹಂಚಿಕೆಯ ದಿನ ಕೊಟ್ಟಿಗೆಯ ಮುಂಭಾಗದ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಹಲಗೆಯ ಮೇಲೆ ಪಾಲು ಬರೆಯುತ್ತಾರೆ: ಕ್ಯಾರೆಟ್ ಎರಡು ಪೌಂಡ್, ಬಟರ್‌ನಟ್ ಒಂದು, ಸೊಪ್ಪುಗಳಲ್ಲಿ ಯಾವುದಾದರೂ ಎರಡು ಕಟ್ಟು. ಪಾಲುದಾರರು ತಾವೇ ತೂಗಿ ತುಂಬಿಕೊಳ್ಳುತ್ತಾರೆ, ಯಾರೂ ಕಾವಲಿರುವುದಿಲ್ಲ. ಸರಳವಾಗಿ ಕಾಣುವ ಆ ಹಲಗೆಯ ಬರಹಕ್ಕೆ ಹಿಂದಿನ ಸಂಜೆ ಒಂದು ಗಂಟೆಯ ಲೆಕ್ಕ ನಡೆದಿರುತ್ತದೆ. ಪಾಲು 200 ಇದ್ದು ಎಲೆಕೋಸು 150 ಮಾತ್ರ ಬಂದಿದ್ದರೆ ಎಲೆಕೋಸು ಅಥವಾ ನವಿಲುಕೋಸು ಎಂದು ಬರೆಯಬೇಕು. ಆದರೆ ಬೆಳಿಗ್ಗೆ ಬಂದವರೆಲ್ಲ ಎಲೆಕೋಸನ್ನೇ ಎತ್ತಿಕೊಂಡರೆ ಸಂಜೆ ಕಚೇರಿ ಮುಗಿಸಿ ಬರುವವರಿಗೆ ಆಯ್ಕೆಯೇ ಇರುವುದಿಲ್ಲ. ಹಾಗಾಗಿ ಒಂದಷ್ಟನ್ನು ಒಳಗೆ ತಡೆದಿಟ್ಟು ನಾಲ್ಕು ಗಂಟೆಯ ನಂತರ ಹೊರತರುತ್ತಾರೆ. ಕಾಯಿಯ ಗಾತ್ರ ಬೇರೆ ಬೇರೆಯಿರುವ ಕಡೆ ತೂಕದ ಲೆಕ್ಕ ಸರಿ, ಆದರೆ ಕುಂಬಳವನ್ನು ತೂಕಕ್ಕೆ ಕತ್ತರಿಸಿ ಕೊಡಲಾಗದು. ಇಬ್ಬರೇ ಇರುವ ಮನೆಗೆ ದೊಡ್ಡ ಕಾಯಿ ಹೊರೆ, ಆರು ಜನರ ಮನೆಗೆ ಚಿಕ್ಕದು ಸಾಲದು. ಎಲ್ಲರಿಗೂ ಸಮನಾಗಿ ಕೊಡುವುದೇ ಸರಿಯಾಗಿ ಕೊಡುವುದಲ್ಲ ಎಂಬುದನ್ನು ಆ ಕೋಣೆಯಲ್ಲಿ ನಿಂತವರು ಬೇಗ ಅರಿಯುತ್ತಾರೆ. ಬಾಗಿಲ ಬಳಿ ಒಂದು ಅದಲುಬದಲಿನ ಪೆಟ್ಟಿಗೆಯೂ ಇದೆ: ಬೇಡದ್ದನ್ನು ಅದರಲ್ಲಿ ಹಾಕಿ, ಬೇಕಾದದ್ದನ್ನು ಎತ್ತಿಕೊಳ್ಳಬಹುದು. ಜನರು ಬೀಟ್‌ರೂಟ್, ನವಿಲುಕೋಸುಗಳ ಸೊಪ್ಪನ್ನು ಮುರಿದು ಕಸದ ಡಬ್ಬಕ್ಕೆ ಹಾಕಿ ಹೋಗುವುದನ್ನು ಅವ್ವನಿಗೆ ನೋಡಿ ತಡೆಯಲಾಗಲಿಲ್ಲ.

“ಯಾಕ್ ಮಗ, ಇಂಥ ಸೊಪ್ಪ ಹಂಗೇ ಬಿಸಾಕ್ತರಲ್ಲ, ಕೇಳ್ಕೊಂಡು ಈಸ್ಕೊ” ಎಂದಳು. ಕೇಳಿದೆ. ಅಂದಿನಿಂದ ಸೊಪ್ಪಿಗೆಂದೇ ಒಂದು ಪೆಟ್ಟಿಗೆಯನ್ನು ಯಜಮಾನಿಯವರು ಬೇರೆಯಿಟ್ಟರು. ಅದನ್ನು ಒಯ್ಯುವವರಲ್ಲಿ ನಾವು, ಒಂದು ನೇಪಾಳಿ ಮನೆಯವರು ಮತ್ತು ಮೊಲ ಸಾಕಿದ್ದ ಒಬ್ಬ ಹುಡುಗ.

ಹಣದ ಕಡೆಯಿಂದಲೂ ಪಾಲುಗಳು ಒಂದೇ ಬಗೆಯಲ್ಲ. ಪೂರ್ತಿ ಕಟ್ಟುವವರು, ಕಂತಿನಲ್ಲಿ ಕಟ್ಟುವವರು, ದುಡಿದು ತೀರಿಸುವ ನಮ್ಮಂಥವರು. ಸರ್ಕಾರದ ಆಹಾರ ನೆರವು ಪಡೆಯುವ ಮನೆಗಳಿಗೆ ಈ ರಾಜ್ಯದಲ್ಲಿ 2017ರಿಂದ ಎಚ್‌ಐಪಿ ಎಂಬ ಯೋಜನೆಯಿದೆ: ರೈತರಿಂದ ನೇರವಾಗಿ ಕೊಂಡ ಹಣ್ಣು ತರಕಾರಿಯ ಹಣ ತಿಂಗಳಿಗೆ ಒಂದು ಮಿತಿಯವರೆಗೆ ಅವರ ಕಾರ್ಡಿಗೆ ಮರಳಿ ಬರುತ್ತದೆ, ಸಿಎಸ್‌ಎ ಪಾಲಿಗೂ ಇದು ಅನ್ವಯಿಸುತ್ತದೆ. ಹಂಚಿಕೆಯ ಕೋಣೆಯಲ್ಲಿ ಯಾರು ಯಾವ ಬಗೆಯಲ್ಲಿ ಕಟ್ಟಿದವರು ಎಂದು ತಿಳಿಯುವ ದಾರಿಯೇ ಇಲ್ಲ, ಹೆಸರಿನ ಮುಂದೆ ಗುರುತು ಹಾಕಿದರೆ ಮುಗಿಯಿತು. ನಮ್ಮ ಹಳ್ಳಿಯ ಕಣದಲ್ಲಿ ರಾಶಿಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಕ್ಷೌರಿಕ, ಮಡಿವಾಳರಿಗೆ ಮೊರದಲ್ಲಿ ಅಳೆದು ಕೊಡುತ್ತಿದ್ದ ಆಯ ನೆನಪಾಗದಿರಲಿಲ್ಲ. ಅದೂ ವರ್ಷದ ದುಡಿಮೆಗೆ ಬೆಳೆಯಲ್ಲಿ ಪಾಲು, ಅದೂ ಮಳೆ ಹೋದ ವರ್ಷ ಕುಗ್ಗುತ್ತಿತ್ತು. ಆದರೆ ಆ ಕಣದಲ್ಲಿ ಯಾರು ಯಾವ ಜಾತಿಯವರು, ಯಾರು ಎಷ್ಟು ದೂರ ನಿಲ್ಲಬೇಕು ಎಂಬುದೆಲ್ಲ ಎಲ್ಲರಿಗೂ ಗೊತ್ತಿತ್ತು, ಎಷ್ಟು ಸುರಿಯಬೇಕೆಂಬುದು ಒಕ್ಕಲಿಗನ ಮರ್ಜಿ. ಆಯ ಪದ್ಧತಿಯನ್ನು ಹಳ್ಳಿಯ ಸೌಹಾರ್ದವೆಂದು ಹೊಗಳಿ ಬರೆಯುವವರು ಮೊರ ಹಿಡಿದು ನಿಂತವರ ಕಡೆಯಿಂದ ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು.

ನಷ್ಟದಲ್ಲಿಯೂ ಪಾಲು ಎಂಬ ಮಾತಿಗೆ ಪರೀಕ್ಷೆ ಬಂದದ್ದು ಹಿಂದಿನ ವರ್ಷ, 2023ರಲ್ಲಿ. ಆ ವರ್ಷ ಫೆಬ್ರವರಿಯ ಕಡುಚಳಿಗೆ ಈ ಭಾಗದ ಪೀಚ್ ಮೊಗ್ಗುಗಳು ಸತ್ತವು, ಮೇ 18ರ ಬೆಳಗಿನ ಜಾವದ ಹೆಪ್ಪಿಗೆ ಸೇಬಿನ ಹೂವುಗಳು ಸುಟ್ಟವು, ಜುಲೈ 10 ಮತ್ತು 11ರಂದು ವರ್ಮಾಂಟ್‌ನಲ್ಲಿ ಸುರಿದ ಮಳೆಗೆ ಕನೆಕ್ಟಿಕಟ್ ನದಿ ಉಕ್ಕಿ ಹ್ಯಾಡ್ಲಿ, ಹ್ಯಾಟ್‌ಫೀಲ್ಡ್, ನಾರ್ಥಾಂಪ್ಟನ್‌ಗಳ ಹೊಲಗಳಿಗೆ ನುಗ್ಗಿತು. ನೆರೆಯ ನೀರು ತಾಗಿದ ಬೆಳೆಯನ್ನು ಇಲ್ಲಿ ಮನುಷ್ಯರ ಆಹಾರಕ್ಕೆ ಮಾರುವಂತಿಲ್ಲ, ನೆಲದೊಳಗಿನ ಆಲೂಗಡ್ಡೆಗೂ ಅದೇ ನಿಯಮ. ನದಿಯ ಕಡೆಯ ಹೊಲದ ಕುಂಬಳ, ಆಲೂಗಡ್ಡೆ ಎಲ್ಲವನ್ನೂ ಕಣ್ಣೆದುರೇ ಉತ್ತು ಮಣ್ಣಿಗೆ ಸೇರಿಸಿದರು. ಶರತ್ಕಾಲದಲ್ಲಿ ನಮ್ಮ ಚೀಲದಲ್ಲಿ ಹೆಚ್ಚಾಗಿ ಸೊಪ್ಪು, ಮೂಲಂಗಿಗಳೇ ಇರುತ್ತಿದ್ದವು. ಹಣ ವಾಪಸ್ ಕೇಳಿದವರೂ ಇದ್ದರು, ಮರುವರ್ಷ ಸೇರದೆ ಹೋದವರೂ ಇದ್ದರು. ಕುಟುಂಬ ಯಾರಿಗೂ ಬೇಸರಿಸಿ ಮಾತಾಡಲಿಲ್ಲ, ಹಣವನ್ನೂ ಹಿಂತಿರುಗಿಸಲಿಲ್ಲ. ಅದು ಜುಲೈಗೆ ಮುಂಚೆಯೇ ಬೀಜ, ಡೀಸೆಲ್ ಆಗಿ ಹೋಗಿತ್ತು. ನನ್ನ ಅಭಿಪ್ರಾಯದಲ್ಲಿ ಕಟ್ಟುವ ದಿನವೇ ಈ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಬೇಕು. ಹಾಳೆಯ ಕೊನೆಯಲ್ಲಿ ಒಂದು ಸಾಲು ಇದ್ದರೆ ಸಾಲದು.

ಅಕ್ಟೋಬರ್ ಕೊನೆಯ ವಾರಗಳಲ್ಲಿ ಬೆಳ್ಳುಳ್ಳಿ ಬಿತ್ತನೆ: ಎತ್ತಿಟ್ಟ ದಪ್ಪ ಗಡ್ಡೆಗಳ ಎಸಳು ಬಿಡಿಸಿ, ಚೂಪು ತುದಿ ಮೇಲಾಗಿ, ಗೇಣಿಗಿಂತ ತುಸು ಹತ್ತಿರಕ್ಕೆ ಊರಿ, ಮೇಲೆ ಒಣಹುಲ್ಲು ಹೊದಿಸುವುದು. ಖಾಲಿಯಾದ ಹೊಲಗಳಿಗೆ ರೈ ಧಾನ್ಯ ಚೆಲ್ಲುತ್ತಾರೆ, ಅದು ಕೊಯ್ಲಿಗಲ್ಲ, ಚಳಿಗಾಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡಲು. ಆ ವರ್ಷ ತೇವವಿಲ್ಲದೆ ರೈ ಮೊಳೆಯುವುದೇ ತಡವಾಯಿತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಹಂಚಿಕೆ ಎಲ್ಲಕ್ಕಿಂತ ದೊಡ್ಡದು. ಆಲೂಗಡ್ಡೆ, ಈರುಳ್ಳಿ, ಗೆಣಸು, ಕುಂಬಳ, ಕಾಂಡದ ಸಮೇತ ಬ್ರಸೆಲ್ಸ್ ಸ್ಪ್ರೌಟ್ಸ್ ಎಂದು ಒಂದೊಂದು ಮನೆಗೂ ಎರಡೆರಡು ಪೆಟ್ಟಿಗೆ. ಉಳಿದದ್ದನ್ನು ಊರಿನ ಉಚಿತ ಆಹಾರ ಭಂಡಾರದ ಗಾಡಿ ಒಯ್ದಿತು. ಅದೇ ಸಂಜೆ ಕೊಟ್ಟಿಗೆಯಲ್ಲಿ ಪಾಲುದಾರರ ಸಭೆ ಕರೆದಿದ್ದರು. ಕೂಲಿ, ಡೀಸೆಲ್, ವಿಮೆ ಎಲ್ಲದರ ಖರ್ಚನ್ನು ಓದಿ, ಮುಂದಿನ ವರ್ಷ ದರ ಏರಿಸಬೇಕಾಗುತ್ತದೆ ಎಂದು ಯಜಮಾನರು ಹೇಳಿದರು. ದರ ಏರಿಸುವ ಬದಲು ಪಾಲುಗಳ ಸಂಖ್ಯೆ ಹೆಚ್ಚಿಸಬಾರದೇಕೆ ಎಂದು ಒಬ್ಬರು ಕೇಳಿದಾಗ ಮಗಳು, ನೆಲ ಅಷ್ಟೇ ಇದೆ, ಹಲಗೆಯ ಮೇಲೆ ಎರಡು ಪೌಂಡ್ ಎಂದು ಬರೆಯುವ ಕಡೆ ಒಂದೂವರೆ ಎಂದು ಬರೆಯಬೇಕಾಗುತ್ತದೆ, ಅದು ಒಪ್ಪಿಗೆಯೇ ಎಂದು ತಿರುಗಿ ಕೇಳಿದಳು. ಕೈ ಎತ್ತಿ ಅಭಿಪ್ರಾಯ ಕೇಳಿದಾಗ ಹೆಚ್ಚಿನವರು ದರ ಏರಿಕೆಗೇ ಒಪ್ಪಿದರು. ಒಪ್ಪದವರಿಗಾಗಿ ಅರ್ಧ ಪಾಲು ಮತ್ತು ಆರು ಕಂತುಗಳ ಅವಕಾಶವನ್ನು ಅಲ್ಲೇ ಸೇರಿಸಿದರು. ಸೆಲರಿಯಾಕ್ ಎಂಬ ಗೆಡ್ಡೆಯನ್ನು ಮುಂದಿನ ವರ್ಷ ಬೆಳೆಯಬೇಡಿ ಎಂಬ ಕೋರಿಕೆಗೆ ಮಾತ್ರ ವಿರೋಧವೇ ಬರಲಿಲ್ಲ.